ಹದಿನೈದು ತುಂಬುವ ಮೊದಲು: ಹಾಯಿದೋಣಿ, ಪಿಟೀಲು ಮತ್ತು ಹೆಸರಿಲ್ಲದ ಒಂದು ಪ್ರಮಾಣಪತ್ರ

ಕಳೆದ ಡಿಸೆಂಬರ್ 28ರ ಭಾನುವಾರ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ನಾನು ಆಪ್ಟಿಮಿಸ್ಟ್ ಎಂಬ ಪುಟ್ಟ ಹಾಯಿದೋಣಿಯನ್ನು ಕಡೆಯ ಸಲ ನೀರಿಗಿಳಿಸಿದೆ. ಹದಿನೈದು ವರ್ಷ ತುಂಬುವ ವರ್ಷದ ಡಿಸೆಂಬರ್ ಕೊನೆಯವರೆಗೆ ಮಾತ್ರ ಆ ದೋಣಿಯಲ್ಲಿ ಸ್ಪರ್ಧಿಸಲು ಅವಕಾಶ. ನನಗೆ 2025ರ ಜುಲೈಯಲ್ಲಿ ಹದಿನೈದು ತುಂಬಿತು. ಹತ್ತನೆಯ ತರಗತಿಯ ಪರೀಕ್ಷೆ ಎದುರಿಗಿರುವಾಗ ಇದನ್ನು ಬರೆಯಲು ಕುಳಿತಿರುವುದಕ್ಕೆ ಕಾರಣವಿದೆ. ಈ ಒಂದೂವರೆ ವರ್ಷದಲ್ಲಿ ನನ್ನನ್ನು ಹೆಚ್ಚು ದಣಿಸಿದ್ದು ಗಾಳಿಯೂ ಅಲ್ಲ, ನೀರೂ ಅಲ್ಲ, ಓದೂ ಅಲ್ಲ, ಒಂದು ಕಾಗದ. ಮಕ್ಕಳನ್ನು ಯಾವುದೇ ಆಟದ ಸ್ಪರ್ಧೆಗೆ ಕಳುಹಿಸಬೇಕೆಂದಿರುವ ತಂದೆತಾಯಿಯರಿಗೆ, ನನ್ನ ವಯಸ್ಸಿನವರಿಗೆ ಆ ದಣಿವು ಬೇಡ ಎಂಬುದು ನನ್ನ ಆಸೆ.

ನಾನು ಹಾಯಿದೋಣಿಯ ತರಬೇತಿಗೆ ಸೇರಿದ್ದು 2024ರ ಮೇ ತಿಂಗಳಿನಲ್ಲಿ, ಎಂಟನೆಯ ತರಗತಿ ಮುಗಿದ ರಜೆಯಲ್ಲಿ. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರಿಂದ ಹಿನ್ನೀರು ಬಹಳ ಹಿಂದೆ ಸರಿದಿತ್ತು. ದೋಣಿ ಇಡುವ ಶೆಡ್ಡಿನಿಂದ ನೀರಿನವರೆಗೆ ಬಿರುಕು ಬಿಟ್ಟ ಮಣ್ಣು, ಅದರಾಚೆ ಮೊಣಕಾಲುದ್ದ ಕೆಸರು. ಮೂವತ್ತೈದು ಕಿಲೋ ತೂಗುವ ದೋಣಿಯನ್ನು ನಾಲ್ವರು ಮಕ್ಕಳು ಹೊತ್ತುಕೊಂಡು, ನಡುವೆ ಎರಡು ಕಡೆ ಇಳಿಸಿ ಉಸಿರು ತೆಗೆದುಕೊಂಡು ನೀರು ಮುಟ್ಟುವಷ್ಟರಲ್ಲಿ ಬೆಳಗಿನ ತಂಪು ಕಳೆದಿರುತ್ತಿತ್ತು. ಜುಲೈ ಕೊನೆಯ ಹೊತ್ತಿಗೆ ಕಟ್ಟೆ ತುಂಬಿದಾಗ ಅದೇ ಜಾಗದಲ್ಲಿ ಆಳವಾದ ನೀರಿತ್ತು, ನಾವು ಕಾಲಿಟ್ಟು ನಡೆದ ಮಣ್ಣಿನ ಮೇಲೆಯೇ ದೋಣಿ ಓಡುತ್ತಿತ್ತು. ಸೇರಬೇಕೆಂದಿರುವವರಿಗೆ ಒಂದು ಮಾತು: ಬೇಸಿಗೆ ರಜೆಯಲ್ಲಿ ಸೇರಿ ಈಜು, ಹಗ್ಗದ ಗಂಟು, ದೋಣಿಗೆ ಹಾಯಿ ಕಟ್ಟುವುದು ಇವನ್ನು ಕಲಿತಿಟ್ಟುಕೊಂಡರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ಪಶ್ಚಿಮದ ಗಾಳಿ ಪೂರ್ತಿಯಾಗಿ ಕೈಗೆ ಸಿಗುತ್ತದೆ.

ಸೇರುವಾಗ ಕೇಳಿದ ಕಾಗದಗಳು ಕಷ್ಟದವಾಗಿರಲಿಲ್ಲ. ವೈದ್ಯರಿಂದ ಆರೋಗ್ಯದ ಪ್ರಮಾಣಪತ್ರ, ಆಧಾರ್ ಪ್ರತಿ, ನಾಲ್ಕು ಫೋಟೋ, ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ, ಜೊತೆಗೆ ಈಜಿನ ಪರೀಕ್ಷೆ. ಐವತ್ತು ಮೀಟರ್ ಈಜಿ, ಐದು ನಿಮಿಷ ನಿಂತಲ್ಲೇ ತೇಲಬೇಕಿತ್ತು. ಅಮ್ಮನಿಗೆ ಒಪ್ಪಿಗೆ ಪತ್ರದಲ್ಲಿದ್ದ 'ಅಪಾಯದ ಅರಿವಿದೆ' ಎಂಬ ವಾಕ್ಯ ಓದಿದಾಗ ಕೈ ನಡುಗಿತು. ಆ ದಿನ ಸಹಿ ಮಾಡಲಿಲ್ಲ. ಮುಂದಿನ ಭಾನುವಾರ ತಾವೇ ಬಂದು ದಡದಲ್ಲಿ ಕುಳಿತು, ಲೈಫ್ ಜಾಕೆಟ್ ತೊಟ್ಟ ಮಕ್ಕಳು ಹೇಗೆ ತೇಲುತ್ತಾರೆ, ರಕ್ಷಣೆಯ ಮೋಟಾರು ದೋಣಿ ಎಷ್ಟು ಹತ್ತಿರದಲ್ಲಿರುತ್ತದೆ ಎಂಬುದನ್ನೆಲ್ಲ ಮೂರು ಗಂಟೆ ನೋಡಿದ ಮೇಲೆ ಸಹಿ ಹಾಕಿದರು. ಮನೆಯಲ್ಲಿ ಹೆದರಿಕೆಯಿದ್ದರೆ ವಾದ ಮಾಡುವುದಕ್ಕಿಂತ ಹೀಗೆ ಒಂದು ಬೆಳಗ್ಗೆ ಕರೆದುಕೊಂಡು ಹೋಗುವುದು ಒಳ್ಳೆಯದು ಎಂದು ನನಗೆ ಅನ್ನಿಸಿದೆ.

ಆಪ್ಟಿಮಿಸ್ಟ್ ಎರಡು ಮೀಟರ್ ಮೂವತ್ತು ಸೆಂಟಿಮೀಟರ್ ಉದ್ದದ, ಮೂತಿ ಚಪ್ಪಟೆಯಾಗಿರುವ ದೋಣಿ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬುವರು ಮಕ್ಕಳಿಗಾಗಿ ಇದರ ವಿನ್ಯಾಸ ಮಾಡಿದರು. ಒಬ್ಬರೇ ಕುಳಿತು ಒಂದು ಕೈಯಲ್ಲಿ ಚುಕ್ಕಾಣಿಯ ಹಿಡಿ, ಇನ್ನೊಂದು ಕೈಯಲ್ಲಿ ಹಾಯಿಯ ಹಗ್ಗ ಹಿಡಿದು ನಡೆಸಬೇಕು. ಮೊದಲ ತಿಂಗಳಿನ ಮುಖ್ಯ ಪಾಠವೇ ಬೀಳುವುದು. ದೋಣಿಯನ್ನು ಬೇಕೆಂದೇ ಮಗುಚಿ, ತಲೆಕೆಳಗಾದ ದೋಣಿಯ ಹೊಟ್ಟೆಯ ಮೇಲೆ ಚಾಚಿಕೊಂಡಿರುವ ಡ್ಯಾಗರ್‌ಬೋರ್ಡ್ ಎಂಬ ಹಲಗೆಯನ್ನು ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಎಬ್ಬಿಸಬೇಕು. ಎದ್ದ ದೋಣಿಯ ತುಂಬ ನೀರು ನಿಂತಿರುತ್ತದೆ. ಹತ್ತಿ ಕುಳಿತು ಡಬ್ಬದಿಂದ ಮೊಗೆದು ಮೊಗೆದು ಚೆಲ್ಲಬೇಕು. ನನ್ನ ಡಬ್ಬ ಐದು ಲೀಟರಿನ ಅಡುಗೆ ಎಣ್ಣೆ ಕ್ಯಾನಿನ ತಳವನ್ನು ಓರೆಯಾಗಿ ಕತ್ತರಿಸಿ ಮಾಡಿದ್ದು. ಹಿಡಿಗೆ ಒಂದು ಮೊಳ ಹಗ್ಗ ಕಟ್ಟಿ ದೋಣಿಗೆ ಬಿಗಿದಿದ್ದೆ. ಮೊದಲ ದಿನ ಆ ದೋಣಿ ಬರಿದು ಮಾಡಲು ನನಗೆ ಹನ್ನೊಂದು ನಿಮಿಷ ಹಿಡಿಯಿತು. ಕಣ್ಣೀರು ಬಂದಿದ್ದು ಸುಸ್ತಿನಿಂದಲೋ ಭಯದಿಂದಲೋ ತಿಳಿಯದು. ಆಗಸ್ಟ್ ಹೊತ್ತಿಗೆ ಅದೇ ಕೆಲಸ ಮೂರು ನಿಮಿಷಕ್ಕೆ ಬಂದಿತ್ತು.

ಒಂಬತ್ತನೆಯ ತರಗತಿ ಆರಂಭವಾದ ಮೇಲೆ ದಿನಚರಿ ಬಿಗಿಯಾಯಿತು. ವಾರದ ಐದು ದಿನ ಬೆಳಗ್ಗೆ ಅರ್ಧ ಗಂಟೆ ಪಿಟೀಲು, ಶಾಲೆ, ಸಂಜೆ ಗಣಿತದ ಮನೆಪಾಠ. ಶನಿವಾರ ಮಧ್ಯಾಹ್ನ ಸಂಗೀತದ ತರಗತಿ. ಭಾನುವಾರ ಬೆಳಗ್ಗೆ ಐದೂವರೆಗೆ ಅಪ್ಪನ ಸ್ಕೂಟರಿನ ಹಿಂದೆ ಕುಳಿತು ಹಿನ್ನೀರಿಗೆ. ಪಿಟೀಲು ನಾನು ಏಳನೆಯ ವಯಸ್ಸಿನಿಂದ ಕಲಿಯುತ್ತಿರುವುದು. ಹಾಯಿಯೂ ಪಿಟೀಲೂ ಬೆರಳಿಗಾಗಿ ಜಗಳವಾಡುತ್ತವೆ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ತಂತಿ ಒತ್ತಿ ಒತ್ತಿ ಎಡಗೈ ಬೆರಳ ತುದಿ ಗಟ್ಟಿಯಾಗಿರುತ್ತದೆ. ನಾಲ್ಕು ಗಂಟೆ ನೀರಿನಲ್ಲಿ ನೆನೆದರೆ ಅದು ಮೆತ್ತಗಾಗಿ ಸುಲಿಯುತ್ತದೆ, ಒದ್ದೆ ಹಗ್ಗ ಅದರ ಮೇಲೆ ಎಳೆದಾಡುತ್ತದೆ. ಸೋಮವಾರ ಬೆಳಗ್ಗೆ ಮೋಹನ ರಾಗದ ವರ್ಣ ನುಡಿಸುವಾಗ ಉಂಗುರ ಬೆರಳಿನ ತುದಿ ಬಿರಿದು ಪಂಚಮದ ತಂತಿಗೆ ರಕ್ತ ಮೆತ್ತಿದ್ದನ್ನು ಕಂಡು ಅಮ್ಮ ಎರಡರಲ್ಲಿ ಒಂದನ್ನು ಬಿಡು ಎಂದರು. ನನ್ನ ಪಿಟೀಲು ಮೇಡಂ ಹಾಗೆ ಹೇಳಲಿಲ್ಲ. "ಭಾನುವಾರ ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚು, ಸೋಮವಾರ ಕಮಾನು ಮಾತ್ರ ಸಾಧನೆ ಮಾಡು, ಬರಿ ತಂತಿ ಸಾಕು" ಎಂದರು. ಆ ಕ್ರಮ ಇವತ್ತಿಗೂ ನಡೆದಿದೆ. ಅರ್ಧ ಬೆರಳು ಮುಚ್ಚದ ಕೈಗವಸಿನ ಬದಲು ಪೂರ್ತಿ ಬೆರಳು ಮುಚ್ಚುವ ಕೈಗವಸು ಕೊಂಡೆ. ಒಂಬೈನೂರು ರೂಪಾಯಿ ಆಯಿತು. ಯಾವುದಾದರೂ ತಂತಿವಾದ್ಯ ನುಡಿಸುವ ಮಕ್ಕಳು ಮೊದಲ ದಿನದಿಂದಲೇ ಅದನ್ನು ತೊಡುವುದು ಲೇಸು.

ಹುಡುಗಿಯರಿಗೆ ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ದಡದಲ್ಲಿ ಬಟ್ಟೆ ಬದಲಿಸುವ ಕೋಣೆ ಇದೆಯೇ, ಬಾಗಿಲಿಗೆ ಚಿಲಕ ಇದೆಯೇ ಎಂಬುದನ್ನು ಸೇರುವ ಮೊದಲೇ ನೋಡಿಕೊಳ್ಳಿ. ಮುಟ್ಟಿನ ದಿನಗಳಲ್ಲಿ ನೀರಿಗಿಳಿಯುವುದು ಬೇಡವೆನಿಸಿದರೆ ದಡದ ಕೆಲಸ ಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ನಾನು ಆ ದಿನಗಳಲ್ಲಿ ಮೋಟಾರು ದೋಣಿಯಲ್ಲಿ ಕುಳಿತು ಬೇರೆಯವರ ತಿರುವುಗಳನ್ನು ಬರೆದುಕೊಳ್ಳುತ್ತಿದ್ದೆ, ಅದರಿಂದ ಕಲಿತದ್ದೂ ಕಡಿಮೆಯಲ್ಲ.

ಆ ವರ್ಷದ ನವೆಂಬರಿನಲ್ಲಿ ನನ್ನ ಹತ್ತಿರದ ಗೆಳತಿ ನನ್ನೊಡನೆ ಮಾತು ಬಿಟ್ಟಳು. ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾವಿಬ್ಬರೂ ಸೇರಿ ಮಳೆನೀರು ಸಂಗ್ರಹದ ಮಾದರಿ ಮಾಡಬೇಕಿತ್ತು. ಎರಡು ಭಾನುವಾರ ನಾನು ಹಿನ್ನೀರಿಗೆ ಹೋದೆ, ಅವಳು ಒಬ್ಬಳೇ ಕುಳಿತು ಥರ್ಮೋಕೋಲ್ ಕತ್ತರಿಸಿದಳು. ತೀರ್ಪುಗಾರರು ಬಂದಾಗ ಪೈಪಿನ ಭಾಗದ ಬಗ್ಗೆ ಕೇಳಿದ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ. ಅವಳು ಅಲ್ಲಿ ಏನೂ ಹೇಳದೆ, ಮನೆಗೆ ಹೋಗುವ ದಾರಿಯಲ್ಲಿ, "ನಿನಗೆ ನೀರು ಇದೆ, ಪಿಟೀಲು ಇದೆ, ನನಗೆ ನೀನು ಮಾತ್ರ ಇದ್ದೆ" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆರು ವಾರ ನಾವು ಒಂದೇ ಬೆಂಚಿನಲ್ಲಿ ಕುಳಿತು ಮಾತಾಡಲಿಲ್ಲ. ಆದರೂ ಶಾಲೆಯ ಶನಿವಾರದ ತರಗತಿಗಳಿಗೆ ನಾನು ಬಾರದಿದ್ದರೆ ಅವಳ ನೋಟ್ಸು ಸೋಮವಾರ ಬೆಳಗ್ಗೆ ನನ್ನ ಡೆಸ್ಕಿನ ಮೇಲೆ ಇರುತ್ತಿತ್ತು. ಜನವರಿಯಲ್ಲಿ ನಮ್ಮ ಸಂಗೀತ ಶಾಲೆಯ ಆರಾಧನೆ ಕಾರ್ಯಕ್ರಮಕ್ಕೆ ಅವಳು ತಾನಾಗಿ ಬಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದಳು. ಮುಗಿದ ಮೇಲೆ ಇಬ್ಬರೂ ಪ್ರಸಾದದ ಪುಳಿಯೋಗರೆಯನ್ನು ಒಂದೇ ದೊನ್ನೆಯಲ್ಲಿ ತಿಂದೆವು. ಕ್ಷಮೆ ಕೇಳಿದೆ. ಅಂದಿನಿಂದ ತಿಂಗಳಿಗೆ ಒಂದು ಭಾನುವಾರ ನಾನು ನೀರಿಗೆ ಹೋಗುವುದಿಲ್ಲ, ಅದು ಅವಳ ಪಾಲಿನದು.

2025ರ ಏಪ್ರಿಲ್ ಮೊದಲ ವಾರ ತರಬೇತುದಾರರು, ಜುಲೈಯಲ್ಲಿ ಹೈದರಾಬಾದಿನ ಹುಸೇನ್ ಸಾಗರದಲ್ಲಿ ನಡೆಯುವ ಸ್ಪರ್ಧೆಗೆ ನನ್ನ ಹೆಸರು ಕೊಡಬಹುದೆಂದು ಹೇಳಿದರು. ಆಪ್ಟಿಮಿಸ್ಟಿನಲ್ಲಿ ನನಗೆ ಉಳಿದಿದ್ದು ಅದೊಂದೇ ಮಳೆಗಾಲ. ಅರ್ಜಿಯ ಜೊತೆ ವಯಸ್ಸಿನ ದಾಖಲೆಯಾಗಿ ಜನನ ಪ್ರಮಾಣಪತ್ರ ಕೇಳಿದ್ದರು. ಅಮ್ಮ ಟ್ರಂಕಿನ ತಳದಿಂದ ತಾಯಿ ಕಾರ್ಡಿನೊಳಗೆ ನಾಲ್ಕು ಮಡಿಕೆ ಮಾಡಿಟ್ಟಿದ್ದ ಆ ಕಾಗದವನ್ನು ತೆಗೆದರು. ಅಪ್ಪನ ಹೆಸರಿತ್ತು, ಅಮ್ಮನ ಹೆಸರಿತ್ತು, ದಿನಾಂಕವಿತ್ತು, 'ಹೆಣ್ಣು' ಎಂದಿತ್ತು. ಮಗುವಿನ ಹೆಸರು ಎಂಬ ಜಾಗದಲ್ಲಿ ಒಂದು ಸಣ್ಣ ಗೆರೆ ಎಳೆದಿತ್ತು.

ಇದು ನಮ್ಮ ಕಡೆ ತೀರ ಸಾಮಾನ್ಯವಾದ ಸಂಗತಿ ಎಂದು ಆಮೇಲೆ ತಿಳಿಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಡಲೇ ನೋಂದಣಿ ಆಗುತ್ತದೆ, ನಾಮಕರಣ ಆಮೇಲೆ. ಹೆಸರಿಡುವ ಹೊತ್ತಿಗೆ ಮನೆಯವರಿಗೆ ಕಾಗದದ ನೆನಪಿರುವುದಿಲ್ಲ. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆ ಮೇಲೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು, ಅದೂ ನೋಂದಣಿಯಾದ ದಿನದಿಂದ ಹದಿನೈದು ವರ್ಷದವರೆಗೆ. ನನ್ನ ಜನನ ನೋಂದಣಿಯಾಗಿದ್ದು 2010ರ ಆಗಸ್ಟಿನಲ್ಲಿ. ಅಂದರೆ ನನಗೆ ಉಳಿದಿದ್ದು ನಾಲ್ಕು ತಿಂಗಳು, ಸ್ಪರ್ಧೆಯ ಅರ್ಜಿಗೆ ಇನ್ನೂ ಕಡಿಮೆ. ಇದನ್ನು ಓದುತ್ತಿರುವ ಅಮ್ಮಂದಿರು ಅಪ್ಪಂದಿರು ಈಗಲೇ ಎದ್ದು ಹೋಗಿ ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗವನ್ನೊಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆಗೆ ಸೇರಿಸುವುದರಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಹುಟ್ಟಿದ ದಿನಕ್ಕೆ ಅದೊಂದೇ ಪುರಾವೆ.

ನಾನು ಹುಟ್ಟಿದ್ದು ಅಮ್ಮನ ತವರಿನಲ್ಲಿ, ಮೈಸೂರಿನಿಂದ ಎರಡು ಗಂಟೆಯ ಬಸ್ ದಾರಿ. ಏಪ್ರಿಲ್ ಎರಡನೆಯ ವಾರ ಅಪ್ಪ ಒಂದು ದಿನ ರಜೆ ಹಾಕಿ ನನ್ನನ್ನು ಕರೆದುಕೊಂಡು ಅಲ್ಲಿನ ಕಚೇರಿಗೆ ಹೋದರು. ಅಲ್ಲಿದ್ದವರು ಶಾಲೆಯ ವ್ಯಾಸಂಗ ಪ್ರಮಾಣಪತ್ರ ಮತ್ತು ಮೂವರ ಆಧಾರ್ ಬೇಕೆಂದರು. ಎರಡನೆಯ ಸಲ ಅವನ್ನು ಒಯ್ದಾಗ ಅಪ್ಪನ ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದೆ, ಎರಡೂ ಒಬ್ಬರದೇ ಎಂದು ಅಫಿಡವಿಟ್ ಮಾಡಿಸಿಕೊಂಡು ಬನ್ನಿ ಎಂದರು. ಇ-ಸ್ಟಾಂಪ್ ಕಾಗದ, ಟೈಪಿಂಗ್, ನೋಟರಿ ಎಲ್ಲ ಸೇರಿ ಮುನ್ನೂರೈವತ್ತು ರೂಪಾಯಿ. ಮೂರನೆಯ ಸಲ ಅಪ್ಪ ಒಬ್ಬರೇ ಹೋಗಿದ್ದರು. ತಾಯಿಯ ಸಹಿಯೂ ಎದುರಿಗೇ ಆಗಬೇಕೆಂದು ವಾಪಸು ಕಳುಹಿಸಿದರು. ನಾಲ್ಕನೆಯ ಸಲ ಎಲ್ಲರೂ ಹೋದೆವು. ಆಗ ತಿಳಿಯಿತು, 2010ರ ರಿಜಿಸ್ಟರ್ ಹಳೆಯ ಕಟ್ಟಡದ ದಾಖಲೆ ಕೋಣೆಯಲ್ಲಿದೆ, ಹುಡುಕಲು ಜನವಿಲ್ಲ, ಹದಿನೈದು ದಿನ ಬಿಟ್ಟು ಬನ್ನಿ ಎಂದು. ನಮ್ಮ ಪ್ರಮಾಣಪತ್ರದ ಮೇಲಿನ ನೋಂದಣಿ ಸಂಖ್ಯೆ ಸರಿಯಾಗಿ ಮಡಿಕೆಯ ಮೇಲೆ ಬಿದ್ದು, ಮಸಿ ಅಳಿಸಿ, ಕಾಗದವೇ ಹರಿದಿತ್ತು.

ಹದಿನೈದು ದಿನದ ನಂತರ ಹೋದಾಗಲೂ ಹುಡುಕಿರಲಿಲ್ಲ. ಆ ದಿನ ಹೊರಗಿನ ಸಿಮೆಂಟ್ ಬೆಂಚಿನ ಮೇಲೆ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಕುಳಿತಿದ್ದೆವು. ಅಪ್ಪ ಒಂದು ಮಾತೂ ಆಡಲಿಲ್ಲ. ಇಡೀ ಶಾಲೆಗೆ, ಸಂಗೀತದ ತರಗತಿಗೆ, ದೋಣಿಯ ಹಲಗೆಗೆ ಗೊತ್ತಿರುವ ನನ್ನ ಹೆಸರು ಆ ಕಟ್ಟಡದೊಳಗೆ ಎಲ್ಲಿಯೂ ಇಲ್ಲವಲ್ಲ ಎಂದು ನನಗೆ ಒಳಗೇ ಉರಿಯುತ್ತಿತ್ತು. ಕಿಟಕಿಯಾಚೆ ಕುಳಿತವರು ಕೆಟ್ಟವರಾಗಿರಲಿಲ್ಲ. ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬರು ಮಾಡುತ್ತಿದ್ದರು. ಆದರೂ ಆರನೆಯ ಸಲ ಬರಬೇಕಾದವರಿಗೆ ಅದರಿಂದ ಸಮಾಧಾನ ಸಿಗುವುದಿಲ್ಲ.

ದಾರಿ ತೋರಿಸಿದವರು ನನ್ನ ಗೆಳತಿಯ ತಾತ. ಅವರು ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. ಜೂನ್ ಮೊದಲ ಭಾನುವಾರ, ಅದು ಗೆಳತಿಯ ಪಾಲಿನ ಭಾನುವಾರ, ಅವರ ಮನೆಯ ಜಗಲಿಯಲ್ಲಿ ನಾನು ಮಂಕಾಗಿ ಕುಳಿತಿದ್ದನ್ನು ಕಂಡು ವಿಚಾರಿಸಿದರು. ಎಲ್ಲ ಕೇಳಿದ ಮೇಲೆ, "ಹುಟ್ಟಿದ ದಿನ ಹೇಳಿ ಹುಡುಕಿ ಅಂದ್ರೆ ಪುಸ್ತಕ ಪೂರಾ ತಿರುವಬೇಕು ಕಣಮ್ಮ. ನಂಬರು, ನೋಂದಣಿ ತಾರೀಖು ಎರಡೂ ಹೇಳಿದ್ರೆ ಪುಟ ತೆಗೀತಾರೆ. ನಿನ್ನನ್ನ ಒಂದನೇ ಕ್ಲಾಸಿಗೆ ಸೇರಿಸೋವಾಗ ಜೆರಾಕ್ಸು ಕೊಟ್ಟಿರ್ತಾರಲ್ಲ, ಅದರಲ್ಲಿ ನಂಬರು ಇರುತ್ತೆ, ಹೋಗಿ ಕೇಳು. ಇನ್ನೊಂದು, ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಂಡ್ರಾ?" ಎಂದರು. ನಾವು ತೆಗೆದುಕೊಂಡಿರಲಿಲ್ಲ. ಅಷ್ಟು ಸಲ ಹೋಗಿದ್ದಕ್ಕೆ ನಮ್ಮ ಕೈಯಲ್ಲಿ ಒಂದು ತುಂಡು ಪುರಾವೆಯೂ ಇರಲಿಲ್ಲ.

ಮರುದಿನ ಶಾಲೆಯ ಗುಮಾಸ್ತರು ಕಬ್ಬಿಣದ ಬೀರುವಿನಿಂದ 2016ರ ದಾಖಲಾತಿ ಕಡತವನ್ನು ತೆಗೆದು, ದಾರ ಬಿಚ್ಚಿ, ಒಂದೊಂದೇ ಹಾಳೆ ತಿರುವಿದರು. ನನ್ನ ಒಂದನೆಯ ತರಗತಿಯ ಅರ್ಜಿಯ ಹಿಂದೆ, ತುಕ್ಕು ಹಿಡಿದ ಪಿನ್ನಿನಲ್ಲಿ, ಆ ಪ್ರಮಾಣಪತ್ರದ ನೆರಳುಪ್ರತಿ ಇತ್ತು. ಸಂಖ್ಯೆ ಸ್ಪಷ್ಟವಾಗಿ ಕಾಣುತ್ತಿತ್ತು. ಆ ವಾರವೇ ಸಂಖ್ಯೆ, ನೋಂದಣಿ ತಾರೀಖು ಎರಡನ್ನೂ ಬರೆದ ಹೊಸ ಅರ್ಜಿಯನ್ನು ಎರಡು ಪ್ರತಿಯಲ್ಲಿ ಕೊಟ್ಟು, ಒಂದರ ಮೇಲೆ ಮೊಹರು ಹಾಕಿಸಿಕೊಂಡೆವು. ಅಂದೇ ಅರ್ಧ ಗಂಟೆಯಲ್ಲಿ ರಿಜಿಸ್ಟರ್ ಸಿಕ್ಕಿತು. ಜೂನ್ 20ರ ಶುಕ್ರವಾರ ಕ್ಯೂಆರ್ ಕೋಡ್ ಇರುವ ಪ್ರಮಾಣಪತ್ರ ಕೈಗೆ ಬಂತು. ಕಚೇರಿಗೆ ಕಟ್ಟಿದ ಹಣ ಅತ್ಯಲ್ಪ. ಬಸ್ಸು, ಊಟ, ಅಫಿಡವಿಟ್, ಜೆರಾಕ್ಸ್, ಅಪ್ಪ ಅಮ್ಮನ ರಜೆಯ ಸಂಬಳ ಎಲ್ಲ ಸೇರಿಸಿದರೆ ಆರು ಸಾವಿರ ರೂಪಾಯಿ ದಾಟುತ್ತದೆ. ಅಮ್ಮ ನನ್ನ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದರು, ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ಕೌಂಟರಿನ ಎದುರಿನಲ್ಲೇ ಹಾಗೆ ಓದುವುದು ಒಳ್ಳೆಯದು. ತಪ್ಪಿದ್ದರೆ ಆಗಲೇ ತಿದ್ದಿಸಬಹುದು. ಹತ್ತನೆಯ ತರಗತಿಯ ಮಕ್ಕಳು ಇದೇ ಹೊತ್ತಿನಲ್ಲಿ ಪರೀಕ್ಷೆಗಾಗಿ ಶಾಲೆ ಮಾಡುವ ನಾಮಿನಲ್ ರೋಲ್ ಎಂಬ ಹೆಸರಿನ ಪಟ್ಟಿಯಲ್ಲಿಯೂ ತಮ್ಮ ಹೆಸರನ್ನು ನೋಡಿಕೊಳ್ಳಬೇಕು, ಏಕೆಂದರೆ ಅಂಕಪಟ್ಟಿಗೆ ಬರುವುದು ಅದೇ. ಹದಿನೈದು ತುಂಬಿದಾಗ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತುಗಳನ್ನು ಮತ್ತೆ ಕೊಡಬೇಕಾಗುತ್ತದೆ, ಅದನ್ನೂ ಮರೆಯಬಾರದು.

ಶಾಲೆಯ ರಜೆಯ ವಿಷಯದಲ್ಲಿ ನಾನು ಹೆದರಿದಷ್ಟು ತೊಂದರೆ ಆಗಲಿಲ್ಲ. ಮೊದಲ ರೂಪಣಾತ್ಮಕ ಮೌಲ್ಯಮಾಪನ ಜುಲೈಯಲ್ಲೇ ಇತ್ತು. ಮುಖ್ಯೋಪಾಧ್ಯಾಯರಿಗೆ ಮೂರು ವಾರ ಮುಂಚಿತವಾಗಿ, ತರಬೇತಿ ಕೇಂದ್ರದ ಪತ್ರದೊಡನೆ ಅರ್ಜಿ ಕೊಟ್ಟಿದ್ದರಿಂದ ಎರಡು ವಿಷಯಗಳನ್ನು ಹಿಂದಿರುಗಿದ ಮೇಲೆ ಬರೆಯಲು ಒಪ್ಪಿದರು. ಹಿಂದಿನ ದಿನ ಕೇಳಿದ್ದರೆ ಒಪ್ಪುತ್ತಿರಲಿಲ್ಲ ಎಂದು ಅವರೇ ಹೇಳಿದರು.

ಆ ವರ್ಷ ಕನ್ನಂಬಾಡಿ ಜೂನ್ ತಿಂಗಳಿನಲ್ಲೇ 124.80 ಅಡಿಗೆ ತುಂಬಿತು. ಅಷ್ಟು ಬೇಗ ತುಂಬಿದ್ದು ಕಟ್ಟೆಯ ಇತಿಹಾಸದಲ್ಲೇ ಮೊದಲು. ಗಾಳಿಯೂ ಜೋರಾಗಿತ್ತು. ನನಗೆ ಕಷ್ಟವಾಗಿದ್ದು ಆರಂಭ. ಹಾಯಿದೋಣಿಯ ಸ್ಪರ್ಧೆ ನಿಂತಲ್ಲಿಂದ ಆರಂಭವಾಗುವುದಿಲ್ಲ. ಆರಂಭಕ್ಕೆ ಐದು ನಿಮಿಷ ಉಳಿದಾಗ ಒಂದು ಪತಾಕೆ ಏರುತ್ತದೆ, ನಾಲ್ಕು ಉಳಿದಾಗ ಇನ್ನೊಂದು, ಒಂದು ನಿಮಿಷ ಉಳಿದಾಗ ಆ ಎರಡನೆಯದು ಇಳಿಯುತ್ತದೆ. ಆ ಕೊನೆಯ ನಿಮಿಷದಲ್ಲಿ ಓಡುತ್ತಿರುವ ದೋಣಿಯನ್ನು, ಆರಂಭದ ಗೆರೆ ದಾಟದಂತೆ ತಡೆದು ಹಿಡಿದು, ಸೊನ್ನೆಗೆ ಸರಿಯಾಗಿ ಬಿಡಬೇಕು. ಎರಡೂ ಕೈ ಕೆಲಸದಲ್ಲಿರುವಾಗ ಗಡಿಯಾರ ನೋಡಲು ಹೋದರೆ ದೋಣಿ ಜಾರುತ್ತದೆ. ನಾನು ಮನಸ್ಸಿನಲ್ಲೇ ಆದಿತಾಳ ಹಾಕಿ ಎಣಿಸಲು ನೋಡಿದೆ. ಆವರ್ತ ಎಂದರೆ ತಾಳದ ಒಂದು ಸುತ್ತು, ಸಮ ಎಂದರೆ ಆ ಸುತ್ತಿನ ಮೊದಲ ಎಣಿಕೆ. ಎಂಟು ಅಕ್ಷರದ ಆವರ್ತದಲ್ಲಿ ಅರವತ್ತು ಸೆಕೆಂಡು ಏಳೂವರೆ ಆವರ್ತಕ್ಕೆ ಬಂದು ಸಮ ತಪ್ಪುತ್ತಿತ್ತು. ಶನಿವಾರ ಮೇಡಂಗೆ ಹೇಳಿದೆ. ಅವರು ಕ್ಷಣ ಯೋಚಿಸಿ, "ರೂಪಕ ಹಾಕು. ಆರು ಅಕ್ಷರ, ಹತ್ತು ಆವರ್ತ, ಸಮಕ್ಕೆ ಸರಿಯಾಗಿ ಎತ್ತುಗಡೆ" ಎಂದರು. ಮೆಟ್ರೊನೋಮ್ ಎಂಬ ತಾಳಯಂತ್ರದ ಜೊತೆ ಸೆಕೆಂಡಿಗೆ ಒಂದು ಅಕ್ಷರದಂತೆ ಎರಡು ವಾರ ಅಭ್ಯಾಸ ಮಾಡಿದೆ, ಬಸ್ಸಿನಲ್ಲಿ, ಊಟದ ಸಾಲಿನಲ್ಲಿ, ನಿದ್ದೆ ಬರುವ ಮೊದಲು. ಕೊನೆಗೆ ಹತ್ತು ಆವರ್ತಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪುತ್ತಿರಲಿಲ್ಲ.

ಕಾಚೀಗುಡ ಎಕ್ಸ್‌ಪ್ರೆಸ್ಸಿನಲ್ಲಿ ನಾವು ಆರು ಮಕ್ಕಳು, ಇಬ್ಬರು ಪೋಷಕರು ಹೋದೆವು. ದೋಣಿ ಅಲ್ಲಿಯೇ ಬಾಡಿಗೆಗೆ ಸಿಕ್ಕಿತು. ಹೊಸ ದೋಣಿಯ ಬೆಲೆ ಲಕ್ಷಗಟ್ಟಲೆ, ನಮ್ಮಂಥವರು ಕೊಳ್ಳುವ ಮಾತಲ್ಲ. ಬಾಡಿಗೆ, ಪ್ರವೇಶ ಶುಲ್ಕ, ವಸತಿ, ಪ್ರಯಾಣ ಸೇರಿ ನನ್ನ ಪಾಲಿಗೆ ಹದಿನೆಂಟು ಸಾವಿರ ಆಯಿತು, ಅದರಲ್ಲಿ ಅರ್ಧವನ್ನು ಸೋದರಮಾವ ಕೊಟ್ಟರು. ಸಲಕರಣೆ ತಪಾಸಣೆಗೆ ಒಂದು ಮಧ್ಯಾಹ್ನ ಪೂರ್ತಿ ಸಾಲು ನಿಲ್ಲಬೇಕಾಯಿತು. ಎಳೆಹಗ್ಗ ಎಂಟು ಮೀಟರಿಗೆ ಕಡಿಮೆಯಿರಬಾರದು ಮತ್ತು ನೀರಿನಲ್ಲಿ ತೇಲಬೇಕು, ಲೈಫ್ ಜಾಕೆಟ್ಟಿಗೆ ಸೀಟಿ ಇರಬೇಕು, ನೀರೆತ್ತುವ ಡಬ್ಬ ಕಟ್ಟಿರಬೇಕು. ನನ್ನ ಮುಂದಿದ್ದ ಹುಡುಗ ಸೀಟಿಯಿಲ್ಲದೆ ವಾಪಸು ಹೋದ. ನನ್ನ ಎಣ್ಣೆ ಕ್ಯಾನಿನ ಡಬ್ಬವನ್ನು ತಪಾಸಣೆಯವರು ಜಗ್ಗಿ ನೋಡಿ ತಲೆಯಾಡಿಸಿದರು.

ಮೊದಲ ದಿನ ಗಾಳಿಯೇ ಇರಲಿಲ್ಲ. ಕೆಂಪು ಬಿಳಿ ಪಟ್ಟೆಯ ಪತಾಕೆ ಏರಿಸಿ ಸ್ಪರ್ಧೆ ಮುಂದೂಡಿದರು. ದೋಣಿ ಕಟ್ಟಿಟ್ಟು, ಟೋಪಿ ಹಾಕಿಕೊಂಡು, ಕೆರೆಯ ನಡುವಿನ ಬುದ್ಧನ ಪ್ರತಿಮೆಯನ್ನು ನೋಡುತ್ತ ಐದು ಗಂಟೆ ಕುಳಿತೆವು. ಸಮುದ್ರವಿಲ್ಲದ ಊರುಗಳಿಂದ ಬಂದ ಮಕ್ಕಳೇ ಸುತ್ತ ತುಂಬಿದ್ದರು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದವರು, ಭೋಪಾಲದ ಕೆರೆಯಲ್ಲಿ ಕಲಿತವರು ಎಂದು ಭೋಪಾಲದ ಹುಡುಗಿಯೊಬ್ಬಳು ಹೆಮ್ಮೆಯಿಂದ ಹೇಳಿದಳು. ಕಾಯುವುದೂ ಈ ಆಟದ ಭಾಗವೇ. ಚುರುಮುರಿ, ನೀರು, ಒಂದು ಪುಸ್ತಕ ಜೊತೆಗಿದ್ದರೆ ಒಳ್ಳೆಯದು. ನಾನು ಸಮಾಜ ವಿಜ್ಞಾನದ ಎರಡು ಪಾಠ ಓದಿ ಮುಗಿಸಿದೆ.

ಎರಡನೆಯ ದಿನ ಗಾಳಿ ಬಂತು. ಸುಮಾರು ಐವತ್ತು ದೋಣಿಗಳು ಒಂದೇ ಗೆರೆಯ ಹಿಂದೆ ಒತ್ತೊತ್ತಾಗಿ ನಿಂತಾಗ ನನ್ನ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ತಾಳದ ಕಾಲ ಏರಿಹೋಯಿತು. ಹತ್ತು ಆವರ್ತ ಬೇಗ ಮುಗಿಸಿ ನಾನು ಗೆರೆ ದಾಟಿಬಿಟ್ಟೆ. ಒಂದು ಸದ್ದು, ನೀಲಿ ಶಿಲುಬೆಯ ಬಿಳಿ ಪತಾಕೆ, ಯಾರೋ ಮೊದಲೇ ಗೆರೆ ದಾಟಿದ್ದಾರೆ ಎಂಬ ಸೂಚನೆ. ಮರಳಿ ಗೆರೆಯ ಹಿಂದೆ ಹೋಗಿ ಮತ್ತೆ ಆರಂಭಿಸದಿದ್ದರೆ ಆ ಓಟ ಲೆಕ್ಕಕ್ಕಿಲ್ಲ, ಕೊನೆಯವರಿಗಿಂತಲೂ ಒಂದು ಅಂಕ ಹಿಂದೆ. ನಾನೇ ಎಂದು ಖಚಿತವಿರಲಿಲ್ಲ, ಆದರೂ ತಿರುಗಿಸಿದೆ, ಪತಾಕೆ ಇಳಿಯಿತು. ಅಷ್ಟರಲ್ಲಿ ಎಲ್ಲರೂ ದೂರ. ಆ ಓಟದಲ್ಲಿ ನಲವತ್ತೊಂದನೆಯವಳಾಗಿ ಬಂದೆ.

ಮಧ್ಯಾಹ್ನದ ಓಟಕ್ಕೆ ಮೊದಲು ದೋಣಿಯಲ್ಲೇ ಕಣ್ಣು ಮುಚ್ಚಿ, ಬಲತೊಡೆಯ ಮೇಲೆ ಬೆರಳು ತಟ್ಟುತ್ತ, ಮಂದ್ರದಲ್ಲಿ ಮಾಯಾಮಾಳವಗೌಳದ ಸರಳೆಯನ್ನು ಒಂದು ಸಲ ಹೇಳಿಕೊಂಡೆ. ಉಸಿರು ಕೆಳಗಿಳಿಯಿತು. ಪತಾಕೆ ಇಳಿಯಿತು. ಒಂದು ಆವರ್ತ, ಎರಡು, ಮೂರು. ಎಡಗಡೆಯಿಂದ ಒಬ್ಬ ನುಗ್ಗಿ ಬಂದ, ನನಗೆ ಬಲಬದಿಯ ಗಾಳಿ ಇದ್ದುದರಿಂದ ದಾರಿ ನನ್ನದು, "ಸ್ಟಾರ್‌ಬೋರ್ಡ್!" ಎಂದು ಕೂಗಿದೆ, ಅವನು ತಗ್ಗಿ ಹೋದ. ಏಳು, ಎಂಟು. ಹಾಯಿ ಪಟಪಟ ಬಡಿಯುತ್ತಿತ್ತು. ಒಂಬತ್ತನೆಯ ಆವರ್ತದ ಕೊನೆಯಲ್ಲಿ ಹಗ್ಗ ಎಳೆಯಲು ಆರಂಭಿಸಿದೆ, ಹತ್ತು ಮುಗಿಯುತ್ತಿದ್ದಂತೆ ತುತ್ತೂರಿ ಕೂಗಿತು. ನನ್ನ ಮುಂದೆ ನೀರು ಬಿಟ್ಟು ಬೇರೇನೂ ಇರಲಿಲ್ಲ. ಮೊದಲ ತಿರುವಿನವರೆಗೂ ಮೊದಲ ಹತ್ತರಲ್ಲಿದ್ದೆ. ಆಮೇಲೆ ಡ್ಯಾಗರ್‌ಬೋರ್ಡಿಗೆ ಜೊಂಡು ಸಿಕ್ಕಿ ಹಿಂದೆ ಬಿದ್ದೆ, ಹತ್ತೊಂಬತ್ತನೆಯವಳಾಗಿ ಮುಗಿಸಿದೆ. ಮೂರು ದಿನದಲ್ಲಿ ಅದೇ ನನ್ನ ಒಳ್ಳೆಯ ಓಟ. ಸಂಜೆ ಗೆಳತಿಗೆ ಫೋನ್ ಮಾಡಿದಾಗ ಅವಳು ಮೊದಲು ಕೇಳಿದ್ದು, "ಪಟ್ಟಿಯಲ್ಲಿ ನಿನ್ನ ಹೆಸರು ಸರಿಯಾಗಿ ಬರೆದಿದ್ದಾರಾ?" ಎಂದು. ಬರೆದಿದ್ದರು.

ಬಂದ ಮೇಲೆ ಬಾಕಿ ಉಳಿದ ಎರಡು ವಿಷಯ ಬರೆದೆ. ಗಣಿತದಲ್ಲಿ ಅಂಕ ಇಳಿಯಿತು, ಅದನ್ನು ಅರ್ಧವಾರ್ಷಿಕದಲ್ಲಿ ಸರಿಪಡಿಸಿಕೊಂಡೆ. ದಸರಾ ರಜೆ ಮುಗಿದ ಮೇಲೆ ಪುಸ್ತಕ ಬಿಟ್ಟು ಏಳಲು ಪುರುಸೊತ್ತಾಗಲಿಲ್ಲ. ಪರೀಕ್ಷೆಯ ನಂತರ ಐಎಲ್‌ಸಿಎ 4 ಎಂಬ ದೊಡ್ಡ ದೋಣಿಗೆ ಹೋಗಬೇಕು. ಅದರ ಹಾಯಿ ನಾಲ್ಕು ಮುಕ್ಕಾಲು ಚದರ ಮೀಟರಿನ ಹತ್ತಿರ, ನನ್ನ ಹಳೆಯ ಹಾಯಿಗಿಂತ ಸುಮಾರು ಒಂದೂವರೆ ಪಾಲು.

ಡಿಸೆಂಬರಿನ ಆ ಭಾನುವಾರ ಗೆಳತಿಯೂ ಅವಳ ತಮ್ಮನೂ ನನ್ನ ಜೊತೆ ಬಂದಿದ್ದರು. ಅವನಿಗೆ ಹತ್ತು ವರ್ಷ, ಈಜು ಬರುತ್ತದೆ, ಮೇ ತಿಂಗಳಿನಲ್ಲಿ ಸೇರುತ್ತಾನೆ. ಹಾಯಿ ಸುತ್ತಿಟ್ಟ ಮೇಲೆ ಎಣ್ಣೆ ಕ್ಯಾನಿನ ಡಬ್ಬದ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟೆ. "ಅಕ್ಕಾ, ಇದರ ಮೇಲೆ ನನ್ನ ಹೆಸರು ಬರೆದುಕೊಳ್ಳಲಾ?" ಎಂದು ಕೇಳಿದ. ಶೆಡ್ಡಿನಲ್ಲಿದ್ದ ಮಾರ್ಕರ್ ಕೊಟ್ಟೆ. ಅವನ ಜನನ ಪ್ರಮಾಣಪತ್ರವನ್ನು ಅವರ ತಾತ ಜೂನ್‌ನಲ್ಲೇ ತೆಗೆದು ನೋಡಿದ್ದಾರೆ. ಹೆಸರು ಇದೆ.